ಅಲನ್ ಟ್ಯೂರಿಂಗ್

ಅಲನ್ ಮ್ಯಾಥಿಸನ್ ಟ್ಯೂರಿಂಗ್ (ಜೂನ್ ೨೩, ೧೯೧೨ – ಜೂನ್ ೭, ೧೯೫೪) ಇಂಗ್ಲೆಂಡಿನ ಗಣಿತಜ್ಞ, ತರ್ಕಶಾಸ್ತ್ರಜ್ಞ ಹಾಗೂ ಗಣಕ ವಿಜ್ಞಾನದ ಪ್ರವರ್ತಕರಲ್ಲೊಬ್ಬರು. ಯಂತ್ರಗಳು ಆಲೋಚಿಸಬಲ್ಲವೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಬಹುದಾದ ರೂಪಕ್ಕೆ ತಂದವರು ಇವರು. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳಿಗೆ ಅರಿವು ಉಂಟಾಗಬಹುದೇ ಎಂಬ ಇಂದಿನ ಚರ್ಚೆಯಲ್ಲಿಯೂ ಇವರ ವಿಚಾರಗಳು ಪ್ರಸ್ತಾಪವಾಗುತ್ತವೆ.

ಬಾಲ್ಯ ಮತ್ತು ಶಿಕ್ಷಣ

ಟ್ಯೂರಿಂಗ್ ಲಂಡನ್ನಿನಲ್ಲಿ ಜನಿಸಿದರು. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿಯಾಗಿದ್ದರು. ತಾಯಿ ಸಾರಾ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರರ ಮಗಳು. ಟ್ಯೂರಿಂಗ್ ಮತ್ತು ಅವರ ಅಣ್ಣ ಬಾಲ್ಯದ ಬಹುಭಾಗವನ್ನು ಇಂಗ್ಲೆಂಡಿನಲ್ಲಿ ಅನ್ಯರ ಪೋಷಣೆಯಲ್ಲಿ ಕಳೆದರು. ಶೆರ್ಬೋರ್ನ್ ಶಾಲೆಯಲ್ಲಿ ಓದುತ್ತಿದ್ದಾಗ, ೧೯೩೦ರಲ್ಲಿ, ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್ ಕ್ಷಯರೋಗದಿಂದ ತೀರಿಕೊಂಡನು. ಆ ದುಃಖದಲ್ಲಿ ಟ್ಯೂರಿಂಗ್ ಜಡವಸ್ತುವಿಗೂ ಚೇತನಕ್ಕೂ ಇರುವ ಸಂಬಂಧವನ್ನು ಕುರಿತು ಬರೆದು ಗೆಳೆಯನ ತಾಯಿಗೆ ಕಳುಹಿಸಿದರು. ದೇಹ ಅಳಿದರೂ ಚೇತನ ಉಳಿಯುತ್ತದೆಂಬುದು ಆಗಿನ ಅವರ ನಂಬಿಕೆಯಾಗಿತ್ತು. ಮುಂದೆ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಗಣಿತ ಅಭ್ಯಾಸ ಮಾಡಿ, ೧೯೩೮ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ವೃತ್ತಿಜೀವನ

೧೯೩೬ರ ಪ್ರಬಂಧದಲ್ಲಿ ಅವರು ಎಲ್ಲ ಬಗೆಯ ಗಣನೆಗಳನ್ನೂ ಮಾಡಬಲ್ಲ ಒಂದು ಕಾಲ್ಪನಿಕ ಯಂತ್ರವನ್ನು ವಿವರಿಸಿದರು. ಇದೇ ಇಂದು ಟ್ಯೂರಿಂಗ್ ಯಂತ್ರವೆಂದು ಪ್ರಸಿದ್ಧವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನಿಯ ಎನಿಗ್ಮಾ ಸಂಕೇತಗಳನ್ನು ಭೇದಿಸುವ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು. ೧೯೪೮ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವನ್ನು ಸೇರಿದರು.

ಟ್ಯೂರಿಂಗ್ ಪರೀಕ್ಷೆ

೧೯೫೦ರಲ್ಲಿ ಮೈಂಡ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಈ ಪರೀಕ್ಷೆಯನ್ನು ಸೂಚಿಸಿದರು. ಪರೀಕ್ಷಕನು ಕಣ್ಣಿಗೆ ಕಾಣದ ಒಬ್ಬ ಮನುಷ್ಯನಿಗೂ ಒಂದು ಯಂತ್ರಕ್ಕೂ ಬರಹದ ಮೂಲಕ ಪ್ರಶ್ನೆ ಕೇಳುತ್ತಾನೆ. ಉತ್ತರಗಳಿಂದ ಯಾವುದು ಯಂತ್ರವೆಂದು ಗುರುತಿಸಬೇಕು. ಸುಮಾರು ೫೦ ವರ್ಷಗಳಲ್ಲಿ, ಐದು ನಿಮಿಷಗಳ ಪ್ರಶ್ನೋತ್ತರದ ಬಳಿಕ ಸಾಮಾನ್ಯ ಪರೀಕ್ಷಕನು ಸರಿಯಾಗಿ ಗುರುತಿಸುವ ಸಂಭವ ಶೇಕಡ ೭೦ನ್ನು ಮೀರದೆಂದು ಅವರು ಊಹಿಸಿದ್ದರು.

ನರಶಸ್ತ್ರವೈದ್ಯ ಜೆಫ್ರಿ ಜೆಫರ್‌ಸನ್, ತಾನು ಅನುಭವಿಸಿದ ಭಾವದಿಂದಲೇ ಕವಿತೆ ರಚಿಸದ ಹೊರತು ಯಂತ್ರವು ಮಿದುಳಿಗೆ ಸಮನಲ್ಲವೆಂದು ೧೯೪೯ರಲ್ಲಿ ವಾದಿಸಿದ್ದರು. ಈ ವಾದವನ್ನು ಕೊನೆಯವರೆಗೆ ಒಯ್ದರೆ ಪ್ರತಿಯೊಬ್ಬರಿಗೂ ತಮ್ಮ ಮನಸ್ಸೊಂದೇ ಖಚಿತವಾಗಿ, ಎದುರಿನ ಮನುಷ್ಯನ ಮನಸ್ಸೂ ಅನುಮಾನಕ್ಕೆ ಒಳಗಾಗುತ್ತದೆ ಎಂಬುದು ಟ್ಯೂರಿಂಗರ ಉತ್ತರ. ಆದರೆ ಪ್ರಜ್ಞೆಯಲ್ಲಿ ನಿಗೂಢತೆಯಿದೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ.

ಕೊನೆಯ ದಿನಗಳು

ಸಲಿಂಗ ಸಂಬಂಧವು ಅಂದಿನ ಬ್ರಿಟಿಷ್ ಕಾನೂನಿನಲ್ಲಿ ಅಪರಾಧವಾಗಿದ್ದರಿಂದ ೧೯೫೨ರಲ್ಲಿ ಶಿಕ್ಷೆಗೆ ಗುರಿಯಾದರು. ಸೆರೆವಾಸದ ಬದಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ೧೯೫೪ರಲ್ಲಿ ಸೈನೈಡ್ ವಿಷದಿಂದ ನಿಧನರಾದರು; ವಿಚಾರಣೆಯು ಅದನ್ನು ಆತ್ಮಹತ್ಯೆಯೆಂದು ನಿರ್ಣಯಿಸಿತು. ೨೦೦೯ರಲ್ಲಿ ಬ್ರಿಟಿಷ್ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೋರಿದರು. ೨೦೧೩ರಲ್ಲಿ ಮರಣೋತ್ತರವಾಗಿ ರಾಜಕ್ಷಮೆ ದೊರೆಯಿತು.

ಇಂದಿನ ಪ್ರಸ್ತುತತೆ

ಗಣಕ ವಿಜ್ಞಾನದ ಅತ್ಯುನ್ನತ ಪ್ರಶಸ್ತಿಯಾದ ಟ್ಯೂರಿಂಗ್ ಪ್ರಶಸ್ತಿಯನ್ನು ೧೯೬೬ರಿಂದ ನೀಡಲಾಗುತ್ತಿದೆ. ಅವರೆತ್ತಿದ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸರಿಯಾದ ಉತ್ತರ ನೀಡುವುದಕ್ಕೆ ಅರ್ಥದ ತಿಳಿವಳಿಕೆ ಅಗತ್ಯವಿಲ್ಲವೆಂದು ತತ್ವಜ್ಞಾನಿ ಜಾನ್ ಸರ್ಲ್ ೧೯೮೦ರಲ್ಲಿ ವಾದಿಸಿದರು. ಭಾಷಾ ಮಾದರಿಗಳು ಮನುಷ್ಯರ ಅಪಾರ ಬರಹದಿಂದ ಕಲಿತು, ಮುಂದೆ ಬರಬಹುದಾದ ಪದವನ್ನು ಊಹಿಸುತ್ತ ವಾಕ್ಯ ರಚಿಸುತ್ತವೆ. ಆ ಬರಹದಲ್ಲಿ ಮನುಷ್ಯರ ನೋವುನಲಿವುಗಳ ವರ್ಣನೆ ಹೇರಳವಾಗಿರುವುದರಿಂದ, ಮಾದರಿಯೊಂದು ತನಗೆ ನೋವಾಗುತ್ತಿದೆ ಎಂದು ಹೇಳಿದ ಮಾತ್ರಕ್ಕೆ ಅದು ಸಂವೇದನೆಯ ಪುರಾವೆಯಾಗದು. ಪ್ರಜ್ಞೆ ಹೇಗೆ ಉಂಟಾಗುತ್ತದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲದಿರುವುದರಿಂದ, ಯಂತ್ರಕ್ಕೆ ಅದು ಎಂದೆಂದಿಗೂ ಅಸಾಧ್ಯವೆಂದು ಹೇಳಲೂ ಆಧಾರವಿಲ್ಲ. ಟ್ಯೂರಿಂಗ್ ಪರೀಕ್ಷೆಯು ಅಳೆಯುವುದು ಸಂಭಾಷಣೆಯ ಸಾಮರ್ಥ್ಯವನ್ನು. ಅನುಭವವನ್ನು ಅಳೆಯುವ ಸರ್ವಸಮ್ಮತ ಪರೀಕ್ಷೆ ಇದುವರೆಗೆ ರೂಪುಗೊಂಡಿಲ್ಲ.