ನವರಸಪುರ ಕಟ್ಟಿದ ಬಾದಶಹ

ಟಿಕೋಟಾ ಕಡೆಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ಗೆಳೆಯರು ದಿನಾಲೂ ತೊರವಿಯನ್ನು ದಾಟಿಯೇ ಬರುತ್ತಾರೆ. ಅಲ್ಲಿ ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಎತ್ತರದ ಕಮಾನುಗಳಿರುವ ಒಂದು ಹಾಳು ಕಟ್ಟಡ ಕಾಣುತ್ತದೆ. ಜನ ಅದನ್ನು ಸಂಗೀತ ಮಹಲ್ ಎನ್ನುತ್ತಾರೆ. ನವರಸಪುರ ಎಂಬ ಇಡೀ ನಗರದಲ್ಲಿ ಇಂದಿಗೆ ಉಳಿದಿರುವುದು ಇಂಥ ಕೆಲವು ಗೋಡೆಗಳು ಮಾತ್ರ. ಆ ನಗರವನ್ನು ಕಟ್ಟಿದವನು ಎರಡನೆಯ ಇಬ್ರಾಹಿಂ ಆದಿಲ್ ಶಾಹ.

ಅವನ ಜೀವನವನ್ನು ಈ ಸಲ ಬರೆಯಲು ಒಂದು ಕಾರಣವಿದೆ. ಮೇಜಿನ ಸುತ್ತ ಕುಳಿತು ದಾಳ, ಪೆನ್ಸಿಲ್, ಕಾಗದ ಹಿಡಿದು ಕಥೆಯಾಟ ಆಡುವ ಹವ್ಯಾಸ ಈಗ ಅನೇಕ ವಿದ್ಯಾರ್ಥಿಗಳಿಗಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಈ ಬಗೆಯ ಆಟಗಳು ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿದವು. ಇದರಲ್ಲಿ ಒಬ್ಬರು ಒಂದು ಲೋಕವನ್ನು ಕಲ್ಪಿಸಬೇಕು. ಅಲ್ಲಿಯ ಊರು, ಹಬ್ಬ, ನಾಣ್ಯ, ಯಾರಿಗೆ ಯಾವ ದರ್ಜೆ ಎಂಬುದನ್ನೆಲ್ಲ ಅವರೇ ಗೊತ್ತುಮಾಡಬೇಕು. ಉಳಿದವರು ಒಂದೊಂದು ಪಾತ್ರ ವಹಿಸಿ ಆ ಲೋಕದೊಳಗೆ ಬಾಳುತ್ತಾರೆ. ಕೆಲವನ್ನು ನಿಯಮ ತೀರ್ಮಾನಿಸುತ್ತದೆ, ಕೆಲವನ್ನು ದಾಳ. ಲೋಕ ಕಟ್ಟುವವರ ಮುಂದೆ ಯಾವಾಗಲೂ ಎರಡು ಪ್ರಶ್ನೆಗಳಿರುತ್ತವೆ: ಈ ಲೋಕ ಯಾವ ಬೀಜದಿಂದ ಬೆಳೆಯಬೇಕು? ಇದರೊಳಗೆ ಯಾರಿಗೆಲ್ಲ ಜಾಗ ಇರಬೇಕು? ನಮ್ಮೂರಿನ ಬಾದಶಹ ನಾಲ್ಕು ನೂರು ವರ್ಷಗಳ ಹಿಂದೆ ಈ ಎರಡೂ ಪ್ರಶ್ನೆಗಳಿಗೆ ಕಲ್ಲುಗಾರೆಯಲ್ಲಿಯೂ ಹಾಡಿನಲ್ಲಿಯೂ ಉತ್ತರ ಹುಡುಕಿದ.

ಇಬ್ರಾಹಿಂನ ಬಾಲ್ಯ ಸುಖದ್ದಾಗಿರಲಿಲ್ಲ. ಅವನ ದೊಡ್ಡಪ್ಪ ಒಂದನೆಯ ಅಲಿ ಆದಿಲ್ ಶಾಹ 1580ರಲ್ಲಿ ಕೊಲೆಯಾದ. ಅಲಿಗೆ ಗಂಡು ಮಕ್ಕಳಿರಲಿಲ್ಲ. ಹೀಗಾಗಿ ಸುಮಾರು ಒಂಬತ್ತು ವರ್ಷದ ಇಬ್ರಾಹಿಂ ಸಿಂಹಾಸನ ಏರಿದ. ಅಧಿಕಾರ ಮಾತ್ರ ಅಮೀರರ ಕೈಯಲ್ಲಿತ್ತು. ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್ ಹೀಗೆ ಒಬ್ಬರನ್ನೊಬ್ಬರು ಕೆಡವುತ್ತ ರಾಜ್ಯ ನಡೆಸಿದರು. ಹುಡುಗನಿಗೆ ಆಸರೆಯಾಗಿ ನಿಂತವಳು ಅಲಿಯ ವಿಧವೆ ಚಾಂದ್ ಬೀಬಿ. ಅವಳನ್ನೂ ಕಿಶ್ವರ್ ಖಾನ್ ಕೆಲವು ಕಾಲ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಹತ್ತು ವರ್ಷಗಳ ಕಾಲ ಇಬ್ರಾಹಿಂ ಬೇರೆಯವರ ಹಾಸಿನ ಮೇಲಿನ ಕಾಯಿಯಾಗಿದ್ದ. ಅವರು ನಡೆಸಿದತ್ತ ಅವನು ನಡೆಯಬೇಕಿತ್ತು.

1590ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವನು ದಿಲಾವರ್ ಖಾನನನ್ನು ಕೆಳಗಿಳಿಸಿ ಆಡಳಿತವನ್ನು ಕೈಗೆ ತೆಗೆದುಕೊಂಡ. ಮುಂದೆ ಬೆಳಗಾವಿಯಲ್ಲಿ ಅವನ ತಮ್ಮ ಇಸ್ಮಾಯಿಲ್ ದಂಗೆಯೆದ್ದಾಗ ಅದನ್ನು ಕಠಿಣವಾಗಿಯೇ ಅಡಗಿಸಿದ. ತಮ್ಮನ ಜೀವ ಉಳಿಯಲಿಲ್ಲ. ಇದನ್ನೂ ಹೇಳಲೇಬೇಕು. ಹಾಡು ಕಟ್ಟಿದ ಕೈಯೇ ಇಂಥ ಆಜ್ಞೆಗೂ ಮೊಹರು ಒತ್ತಿದೆ.

ಅಧಿಕಾರ ಕೈಗೆ ಬಂದ ಮೇಲೆ ಅವನು ತನ್ನ ಲೋಕಕ್ಕೆ ಒಂದು ಬೀಜವನ್ನು ಆರಿಸಿಕೊಂಡ. ಆ ಬೀಜ ಒಂದೇ ಒಂದು ಶಬ್ದ, ನವರಸ. ಸಂಸ್ಕೃತದಲ್ಲಿ ಅದು ಶೃಂಗಾರ, ವೀರ, ಕರುಣ ಮುಂತಾದ ಒಂಬತ್ತು ರಸಗಳು. ಫಾರಸಿಯಲ್ಲಿ 'ನೌರಸ್' ಎಂದರೆ ಹೊಸದಾಗಿ ಬಂದದ್ದು, ಎಳೆಯದು. ಅವನ ಆಸ್ಥಾನದಲ್ಲಿ ಇರಾನಿನಿಂದ ಬಂದ ಕವಿಗಳಿದ್ದರು, ದಖನಿ ಮತ್ತು ಹಬಶಿ ಅಮೀರರಿದ್ದರು, ಮರಾಠಿ ಮತ್ತು ಕನ್ನಡ ಬಲ್ಲ ಜನರಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಪರಕೀಯ. ಆದರೆ ಈ ಶಬ್ದ ಕಿವಿಗೆ ಬಿದ್ದಾಗ ಎರಡು ಕಡೆಯವರಿಗೂ ಅದು ತಮ್ಮದೇ ಎನ್ನಿಸುತ್ತಿತ್ತು. ಲೋಕ ಕಟ್ಟುವವರು ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ. ನೂರು ನಿಯಮ ಬರೆಯುವ ಮೊದಲು, ಎಲ್ಲರೂ ತಮ್ಮದೆನ್ನುವ ಒಂದು ಬೀಜವನ್ನು ಹುಡುಕಬೇಕು.

ಬೀಜ ಸಿಕ್ಕಿದ ಮೇಲೆ ಎಲ್ಲವೂ ಅದರಿಂದಲೇ ಬೆಳೆಯಿತು. ಅರಮನೆ ನವರಸ ಮಹಲ್ ಆಯಿತು, ಹಬ್ಬ ಈದ್-ಎ-ನವರಸ್ ಆಯಿತು. ನಾಣ್ಯಕ್ಕೂ ಮೊಹರಿಗೂ ಆ ಹೆಸರು ಬಂತು. ಅವನು ರಚಿಸಿದ ಹಾಡುಗಳ ಪುಸ್ತಕ 'ಕಿತಾಬ್-ಎ-ನವರಸ್'. ಅದರಲ್ಲಿ 59 ಹಾಡುಗಳು, 17 ದೋಹೆಗಳಿವೆ. ಹಾಡುಗಳನ್ನು ರಾಗಗಳ ಪ್ರಕಾರ ಜೋಡಿಸಲಾಗಿದೆ. ಭಾಷೆ ದಖನಿ, ಅಂದರೆ ನಮ್ಮಲ್ಲಿ ಅನೇಕರು ಇಂದಿಗೂ ಮನೆಯಲ್ಲಿ ಆಡುವ ಮಾತಿನ ಹಳೆಯ ರೂಪ. ಇರಾನಿನಿಂದ ಬಂದ ಕವಿ ಜುಹೂರಿ ಅದಕ್ಕೆ ಫಾರಸಿಯಲ್ಲಿ ಮುನ್ನುಡಿ ಬರೆದ. ಖಲೀಲುಲ್ಲಾ ಎಂಬ ಲಿಪಿಕಾರ ಅದರ ಸುಂದರ ಪ್ರತಿಯನ್ನು ಬರೆದು ಒಪ್ಪಿಸಿದಾಗ ಬಾದಶಹ ಅವನಿಗೆ ಲೇಖನಿಯ ಬಾದಶಹ ಎಂಬ ಬಿರುದು ಕೊಟ್ಟ.

ಈ ಹಾಡುಗಳ ಲೋಕದಲ್ಲಿ ಯಾರು ಯಾರು ವಾಸಿಸುತ್ತಾರೆ ನೋಡಿ. ಕಲಬುರಗಿಯ ಖ್ವಾಜಾ ಬಂದೇನವಾಜ್ ಗೇಸುದರಾಜರಿದ್ದಾರೆ. ಸರಸ್ವತಿ ಇದ್ದಾಳೆ, ಗಣಪತಿ ಇದ್ದಾನೆ. ಬೇಗಂ ಚಾಂದ್ ಸುಲ್ತಾನ್ ಇದ್ದಾಳೆ. ಬಾದಶಹನ ಪ್ರೀತಿಯ ಆನೆ ಆತಿಶ್ ಖಾನ್ ಇದೆ. ಅವನು ನುಡಿಸುತ್ತಿದ್ದ ತಂಬೂರಿಗೂ ಮೋತಿ ಖಾನ್ ಎಂಬ ಹೆಸರಿದೆ! ಆನೆಗೆ, ವಾದ್ಯಕ್ಕೆ ಮನುಷ್ಯರ ಹೆಸರಿಟ್ಟು ಕೂಡಿಸಿಕೊಂಡ ಲೋಕವದು. ಜನ ಅವನನ್ನು ಜಗದ್ಗುರು ಎಂದು ಕರೆದರು. ಆ ಕಾಲದ ಚಿತ್ರಗಳಲ್ಲಿ ಅವನ ಕೊರಳಲ್ಲಿ ರುದ್ರಾಕ್ಷಿ ಮಾಲೆ ಕಾಣುತ್ತದೆ. ಅವನು ಮಲಗಿರುವ ಇಬ್ರಾಹಿಂ ರೋಜಾದ ಗೋಡೆಗಳ ತುಂಬ ಕುರಾನಿನ ಆಯತ್‌ಗಳನ್ನು ಕೆತ್ತಲಾಗಿದೆ.

1599ರಲ್ಲಿ ಅವನು ಈ ಹಾಡಿನ ಲೋಕಕ್ಕೆ ನೆಲದ ಮೇಲೊಂದು ನಗರ ಕಟ್ಟಲು ಹೊರಟ. ನಗರದಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರ್ ದೂರದ ತೊರವಿಯ ಬಯಲನ್ನು ಆರಿಸಿದ. ಆ ಊರು ಅದಕ್ಕೂ ಮೊದಲೇ ಕನ್ನಡಿಗರಿಗೆ ಗೊತ್ತಿತ್ತು. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಕವಿ ತೊರವೆ ರಾಮಾಯಣ ಬರೆದದ್ದು ಅಲ್ಲಿಯ ನರಸಿಂಹನ ಸನ್ನಿಧಿಯಲ್ಲಿ. ಅದೇ ಬಯಲಿನಲ್ಲಿ ಸಾವಿರಾರು ಆಳುಗಳು ದುಡಿದು ನವರಸಪುರವನ್ನು ಎಬ್ಬಿಸತೊಡಗಿದರು. ಅಮೀರರಿಗೂ ವ್ಯಾಪಾರಿಗಳಿಗೂ ಅಲ್ಲಿ ಮನೆ ಕಟ್ಟಿಕೊಳ್ಳಲು ಅಪ್ಪಣೆಯಾಯಿತು. ಸಂಗೀತಗಾರರನ್ನು ಹುಜೂರಿ, ದರಬಾರಿ, ಶಹರಿ ಎಂದು ಮೂರು ದರ್ಜೆ ಮಾಡಲಾಯಿತು. ಹುಜೂರಿಗಳು ಬಾದಶಹನ ಸಮೀಪದವರು, ದರಬಾರಿಗಳು ಆಸ್ಥಾನದವರು, ಶಹರಿಗಳು ಊರಿನ ಜನರಿಗಾಗಿ ಹಾಡುವವರು. ಕಥೆಯಾಟ ಆಡುವವರಿಗೆ ಪಾತ್ರಗಳ ದರ್ಜೆ ಎಂದರೇನು ಎಂಬುದು ಗೊತ್ತು. ಇಲ್ಲಿ ದರ್ಜೆಯನ್ನು ಖಡ್ಗದ ಲೆಕ್ಕದಿಂದ ಹಂಚಿರಲಿಲ್ಲ, ಹಾಡು ಯಾರ ಕಿವಿಗೆ ತಲುಪಬೇಕು ಎಂಬ ಲೆಕ್ಕದಿಂದ ಹಂಚಲಾಗಿತ್ತು.

ಆದರೆ ಹಾಸಿನ ಹೊರಗಿನ ಜಗತ್ತು ಸುಮ್ಮನಿರಲಿಲ್ಲ. ನವರಸಪುರದ ಪಾಯ ಏಳುತ್ತಿದ್ದ ದಿನಗಳಲ್ಲಿಯೇ ಅಕ್ಬರನ ಸೈನ್ಯ ಅಹಮದ್‌ನಗರವನ್ನು ಮುತ್ತಿತ್ತು. ತವರಿನ ಆ ಕೋಟೆಯನ್ನು ಕಾಯಲು ಹೋಗಿದ್ದ ಚಾಂದ್ ಬೀಬಿ ತನ್ನವರ ಕೈಯಿಂದಲೇ ಕೊಲೆಯಾದಳು. 1600ರಲ್ಲಿ ಅಹಮದ್‌ನಗರ ಬಿತ್ತು. ಮುಂದೆ ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಾಪುರಕ್ಕೆ ಬಂದ. ಬಾದಶಹನ ಮನಸ್ಸು ಸಂಗೀತದಲ್ಲಿ ಎಷ್ಟು ಮುಳುಗಿತ್ತೆಂದರೆ ತನ್ನ ಮಾತಿಗೆ ಉತ್ತರ ಸಿಗುವುದೇ ಕಷ್ಟವಾಯಿತೆಂದು ಆ ರಾಯಭಾರಿ ಬರೆದಿಟ್ಟಿದ್ದಾನೆ. ಹಾಗೆಂದು ಇಬ್ರಾಹಿಂ ರಾಜಕೀಯವನ್ನು ಮರೆತಿದ್ದ ಎನ್ನಲಾಗದು. ಮೊಗಲರ ಜೊತೆ ಸಂಬಂಧ ಬೆಳೆಸಿ ರಾಜ್ಯ ಉಳಿಸಿಕೊಂಡ, 1619ರಲ್ಲಿ ಬೀದರನ್ನೂ ಸೇರಿಸಿಕೊಂಡ. ಆದರೆ ಇಪ್ಪತ್ತೈದು ವರ್ಷ ಕಳೆದರೂ ನವರಸಪುರದ ಸುತ್ತಲಿನ ಕೋಟೆಗೋಡೆ ಮುಗಿಯಲೇ ಇಲ್ಲ.

1624ರಲ್ಲಿ ಅಹಮದ್‌ನಗರದ ವಜೀರ ಮಲಿಕ್ ಅಂಬರ್ ಭಾತವಡಿಯಲ್ಲಿ ಮೊಗಲರ ಮತ್ತು ವಿಜಾಪುರದ ಕೂಡು ಸೈನ್ಯವನ್ನು ಸೋಲಿಸಿ ನೇರವಾಗಿ ಇಲ್ಲಿಗೆ ಬಂದ. ವಿಜಾಪುರದ ಹಳೆಯ ಕೋಟೆ ಗಟ್ಟಿಯಾಗಿತ್ತು, ಅದು ತಡೆದುಕೊಂಡಿತು. ಗೋಡೆ ಮುಗಿಯದ ನವರಸಪುರ ತಡೆಯಲಿಲ್ಲ. ಅದು ಲೂಟಿಯಾಯಿತು, ಹಾಳಾಯಿತು. ಇಬ್ರಾಹಿಂ ಅದನ್ನು ಬದುಕಿರುವಾಗಲೇ ಕಂಡ. ನಗರ ಮತ್ತೆ ತಲೆಯೆತ್ತಲಿಲ್ಲ. 1627ರಲ್ಲಿ ಅವನು ತೀರಿಕೊಂಡ. ಬೇಗಂ ತಾಜ್ ಸುಲ್ತಾನಳಿಗಾಗಿ ಮಲಿಕ್ ಸಂದಲ್ ಕಟ್ಟಿದ ರೋಜಾದಲ್ಲಿಯೇ ಅವನನ್ನೂ ಮಣ್ಣು ಮಾಡಿದರು.

ಹಾಗಾದರೆ ಅವನು ಸೋತನೆ? ಕಲ್ಲಿನ ಲೆಕ್ಕದಲ್ಲಿ ಸೋತ. ತಾನು ಕಟ್ಟಿದ ಲೋಕಕ್ಕೆ ಒಳಗಿನ ನಿಯಮಗಳನ್ನು ಚೆನ್ನಾಗಿ ಬರೆದ, ಹೊರಗಿನಿಂದ ಬರುವ ದಾಳದ ಏಟಿಗೆ ಸಿದ್ಧತೆ ಮಾಡಲಿಲ್ಲ. ನಮ್ಮ ಆಟಗಳಲ್ಲಿಯೂ ನಾವು ಇದೇ ತಪ್ಪು ಮಾಡುತ್ತೇವೆ. ಹಬ್ಬ, ಹಾಡು, ಹೆಸರುಗಳನ್ನು ಬರೆಯುತ್ತ ಕುಳಿತು, ಬೇಡದ ಅತಿಥಿ ಬಂದರೆ ಏನು ಗತಿ ಎಂದು ಕೇಳಿಕೊಳ್ಳುವುದಿಲ್ಲ. ಆದರೆ ಮಲಿಕ್ ಅಂಬರನ ಸೈನ್ಯಕ್ಕೆ ಸುಡಲಾಗದ್ದೂ ಒಂದಿತ್ತು. ಪುಸ್ತಕ ಉಳಿಯಿತು. ಗೇಸುದರಾಜರೂ ಸರಸ್ವತಿಯೂ, ಆನೆಯೂ ತಂಬೂರಿಯೂ ಅದರಲ್ಲಿ ಇಂದಿಗೂ ಒಟ್ಟಿಗೇ ಇದ್ದಾರೆ. ಬಾಲ್ಯದಲ್ಲಿ ಬೇರೆಯವರ ಕೈಯ ಕಾಯಿಯಾಗಿದ್ದ ಹುಡುಗ ದೊಡ್ಡವನಾಗಿ ತನ್ನದೇ ಲೋಕ ಮಾಡಿದಾಗ ಅದರಲ್ಲಿ ಇಷ್ಟು ಜನರಿಗೆ ಜಾಗ ಇಟ್ಟ. ಅವನಿಂದ ಕಲಿಯಬೇಕಾದ ದೊಡ್ಡ ಮಾತು ಇದೇ.

ಬಬಲೇಶ್ವರ ಕಡೆಯ ಗೆಳೆಯರಿಗೆ ತೊರವಿ ದಾರಿಯಲ್ಲಿ ಸಿಗುವುದಿಲ್ಲ. ಒಂದು ರವಿವಾರ ಟಿಕೋಟಾದ ಗೆಳೆಯರನ್ನು ಕೂಡಿಕೊಂಡು ಹೋಗಿ ನೋಡಿ ಬನ್ನಿ. ಸಂಗೀತ ಮಹಲಿನ ದೊಡ್ಡ ಕಮಾನಿನ ಕೆಳಗೆ ನಿಂತು ಒಂದು ಹಾಡು ಹೇಳಿ. ಗೋಡೆಯ ಮೇಲೆ ಮಾತ್ರ ನಿಮ್ಮ ಹೆಸರು ಗೀಚಬೇಡಿ. ಆ ಗೋಡೆಗಳು ಸಾಕಷ್ಟು ಅನುಭವಿಸಿವೆ.