ಕಲಾವಿದ ರಾಬರ್ಟ್ ಡೊನಾಟ್

ಉಪಾಧ್ಯಾಯರ ಬಾಳನ್ನೇ ವಸ್ತುವಾಗುಳ್ಳ ಚಲನಚಿತ್ರಗಳು ಲೋಕದಲ್ಲಿ ಹಲವುಂಟು. ಅವುಗಳ ಮೊದಲ ಪಂಕ್ತಿಯಲ್ಲಿ ನಿಲ್ಲತಕ್ಕುದು 1939ರಲ್ಲಿ ತೆರೆಕಂಡ ‘ಗುಡ್‌ಬೈ ಮಿಸ್ಟರ್ ಚಿಪ್ಸ್’. ಆ ಚಿತ್ರದ ವೃದ್ಧ ಗುರುವನ್ನು ಬಲ್ಲವರು ಬಹುಮಂದಿ. ಆ ಪಾತ್ರಕ್ಕೆ ಜೀವ ತುಂಬಿದ ಆಂಗ್ಲ ನಟ ರಾಬರ್ಟ್ ಡೊನಾಟರ ಬಾಳನ್ನು ಬಲ್ಲವರು ವಿರಳ. ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಅನುಚಿತವಾಗಲಾರದು.

ಡೊನಾಟರು 1905ರ ಮಾರ್ಚ್ 18ರಂದು ಮ್ಯಾಂಚೆಸ್ಟರ್ ನಗರದ ವಿಥಿಂಗ್‌ಟನ್‌ನಲ್ಲಿ ಜನಿಸಿದರು. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಬಾಲ್ಯದಲ್ಲಿ ಇವರನ್ನು ಉಗ್ಗು ತೀವ್ರವಾಗಿ ಕಾಡುತ್ತಿತ್ತು. ಅದನ್ನು ನಿವಾರಿಸಿಕೊಳ್ಳಲೆಂದು ಜೇಮ್ಸ್ ಬರ್ನಾರ್ಡ್ ಎಂಬ ವಾಚನಕಲೆಯ ಶಿಕ್ಷಕರ ಬಳಿ ಪಾಠಕ್ಕೆ ಸೇರಿದರು. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಅದೇ ಗುರುಗಳ ಕಾರ್ಯದರ್ಶಿಯಾಗಿ ದುಡಿದರು. ಆ ದುಡಿಮೆಯಿಂದಲೇ ಪಾಠದ ವೆಚ್ಚ ಸಾಗಿತು. ಮುಂದೆ ಇಂಗ್ಲೆಂಡಿನ ಅತ್ಯಂತ ಇಂಪಾದ ಕಂಠಗಳಲ್ಲೊಂದೆಂದು ಪ್ರಸಿದ್ಧವಾದ ಧ್ವನಿ ಹೀಗೆ ತೊದಲು ಮಾತನ್ನು ತಿದ್ದುವ ಪಾಠದಲ್ಲಿ ರೂಪುಗೊಂಡಿತು. ಸಿನಿಮಾ ಚರಿತ್ರೆಗಳಲ್ಲಿ ಬರ್ನಾರ್ಡರಿಗೆ ಒಂದೆರಡು ಸಾಲಿಗಿಂತ ಹೆಚ್ಚಿನ ಸ್ಥಳ ದೊರೆತಂತಿಲ್ಲ. ಶಿಕ್ಷಕವೃತ್ತಿಯಲ್ಲಿರುವವರಿಗೆ ಇದು ಹೊಸ ಸಂಗತಿಯೇನೂ ಅಲ್ಲ.

1921ರಲ್ಲಿ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಲೂಸಿಯಸ್ ಎಂಬ ಸಣ್ಣ ಪಾತ್ರದಲ್ಲಿ ಅವರು ರಂಗವನ್ನೇರಿದರು. ಬಳಿಕ ಸರ್ ಫ್ರಾಂಕ್ ಬೆನ್ಸನ್ನರ ಸಂಚಾರಿ ನಾಟಕ ಮಂಡಳಿಯಲ್ಲಿ ಊರೂರು ತಿರುಗಿ ಪಳಗಿದರು. 1929ರಲ್ಲಿ ಎಲ್ಲಾ ವಾಯ್ಸೀ ಎಂಬಾಕೆಯನ್ನು ವಿವಾಹವಾಗಿ ಮರುವರ್ಷ ಲಂಡನ್ನಿಗೆ ಬಂದರು. ಅಲೆಗ್ಸಾಂಡರ್ ಕೋರ್ಡಾ 1932ರಲ್ಲಿ ಅವರನ್ನು ಚಿತ್ರರಂಗಕ್ಕೆ ಕರೆತಂದರು. ಎಂಟನೆಯ ಹೆನ್ರಿಯನ್ನು ಕುರಿತ ಚಿತ್ರದಲ್ಲಿ (1933) ಥಾಮಸ್ ಕಲ್ಪೆಪರನ ಪಾತ್ರ ಅವರಿಗೆ ಹೆಸರು ತಂದಿತು. ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೋ’ಗಾಗಿ 1934ರಲ್ಲಿ ಹಾಲಿವುಡ್ಡಿಗೆ ಹೋದರಾದರೂ ಅಲ್ಲಿ ನೆಲೆಸಲು ಅವರ ಮನಸ್ಸೊಪ್ಪಲಿಲ್ಲ. ‘ಕ್ಯಾಪ್ಟನ್ ಬ್ಲಡ್’ ಚಿತ್ರದ ನಾಯಕಪಾತ್ರ ಅವರ ಕೈಬಿಟ್ಟು ಎರಲ್ ಫ್ಲಿನ್ ಎಂಬ ಅಜ್ಞಾತ ಯುವಕನಿಗೆ ದೊರೆತು ಅವನನ್ನು ತಾರೆಯಾಗಿಸಿತು. ಡೊನಾಟರು ತಾಯ್ನಾಡಿಗೆ ಮರಳಿ ಹಿಚ್‌ಕಾಕರ ‘ದಿ ಥರ್ಟಿನೈನ್ ಸ್ಟೆಪ್ಸ್’ನಲ್ಲಿ (1935) ಅಭಿನಯಿಸಿ ದೇಶದೇಶಗಳಲ್ಲಿ ಮನ್ನಣೆ ಪಡೆದರು.

ಉಗ್ಗನ್ನು ಗೆದ್ದ ಈ ಕಂಠಕ್ಕೆ ಉಬ್ಬಸರೋಗ ಎರಡನೆಯ ವೈರಿಯಾಗಿ ಬಂದಿತು. ‘ನೈಟ್ ವಿಥೌಟ್ ಆರ್ಮರ್’ (1937) ಚಿತ್ರೀಕರಣದ ಮಧ್ಯೆ ಅವರು ಹಾಸಿಗೆ ಹಿಡಿದಾಗ ಬೇರೊಬ್ಬ ನಾಯಕನನ್ನು ಗೊತ್ತುಮಾಡುವ ಮಾತು ಹುಟ್ಟಿತು. ನಾಯಕಿ ಮಾರ್ಲೀನ್ ಡೀಟ್ರಿಚ್ ಅದಕ್ಕೆ ಸಮ್ಮತಿಸದೆ, ಅವರು ಗುಣಹೊಂದುವವರೆಗೆ ಕಾಯಲೇಬೇಕೆಂದು ಪಟ್ಟು ಹಿಡಿದರು. ಚಿತ್ರೋದ್ಯಮದಲ್ಲಿ ಇಂತಹ ಸೌಜನ್ಯ ಅಗ್ಗದ ವಸ್ತುವಲ್ಲ. ಮರುವರ್ಷ ‘ದಿ ಸಿಟಡೆಲ್’ ಚಿತ್ರದಲ್ಲಿ ವೇಲ್ಸಿನ ಗಣಿಕಾರ್ಮಿಕರ ನಡುವೆ ದುಡಿಯುವ ವೈದ್ಯನಾಗಿ ನಟಿಸಿ ಆಸ್ಕರ್ ಪ್ರಶಸ್ತಿಯ ಪರಿಗಣನೆಗೆ ಪಾತ್ರರಾದರು.

ತರುವಾಯ ಬಂದುದೇ ‘ಚಿಪ್ಸ್’. ಜೇಮ್ಸ್ ಹಿಲ್ಟನ್ 1934ರಲ್ಲಿ ಪ್ರಕಟಿಸಿದ ಕಿರುಕಾದಂಬರಿ ಅದರ ಆಧಾರ. ಬ್ರೂಕ್‌ಫೀಲ್ಡ್ ಎಂಬ ಕಲ್ಪಿತ ಶಾಲೆಗೆ ಲ್ಯಾಟಿನ್ ಕಲಿಸಲು ಬಂದ ತರುಣನನ್ನು ಹುಡುಗರು ಮೊದಲ ದಿನವೇ ಗೋಳುಹೊಯ್ದುಕೊಳ್ಳುತ್ತಾರೆ. ಹೆದರಿದವನು ಶಿಸ್ತಿನ ಬಿಗಿ ಹಿಡಿಯುತ್ತಾನೆ. ಕ್ರಿಕೆಟ್ ಪಂದ್ಯದ ದಿನ ತರಗತಿಯನ್ನು ಕೂಡಿಹಾಕಿ ಮಕ್ಕಳ ವಿರಸಕ್ಕೆ ಗುರಿಯಾಗುತ್ತಾನೆ. ವರ್ಷಗಳು ಸಂದ ಮೇಲೆ ಕೈಹಿಡಿದ ಹೆಂಡತಿ ಅವನ ಬಾಳಿಗೆ ನಗುವನ್ನು ತರುತ್ತಾಳೆ, ಹೆರಿಗೆಯಲ್ಲಿ ಕಣ್ಮುಚ್ಚುತ್ತಾಳೆ. ಆ ದಿನವೂ ಅವನು ತರಗತಿಗೆ ಬರುತ್ತಾನೆ. ನಿವೃತ್ತನಾದವನು ಮಹಾಯುದ್ಧದ ಕಾಲಕ್ಕೆ ಮುಖ್ಯೋಪಾಧ್ಯಾಯನಾಗಿ ಮರಳುತ್ತಾನೆ. ಮಡಿದ ಶಿಷ್ಯರ ಹೆಸರುಗಳನ್ನು ಪ್ರಾರ್ಥನಾಮಂದಿರದಲ್ಲಿ ಓದುವಾಗ, ಶತ್ರುಪಕ್ಷದಲ್ಲಿ ಹೋರಾಡಿ ಸತ್ತ ಜರ್ಮನ್ ಸಹೋದ್ಯೋಗಿಯ ಹೆಸರನ್ನೂ ಕೂಡಿಸಿ ಓದುತ್ತಾನೆ. ಇಡೀ ಚಿತ್ರದಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕುವುದು ಈ ಪ್ರಸಂಗವೆಂದು ತೋರುತ್ತದೆ.

ಆಗ ಡೊನಾಟರಿಗೆ ಮೂವತ್ತನಾಲ್ಕು ವರ್ಷವೂ ತುಂಬಿರಲಿಲ್ಲ. ಇಪ್ಪತ್ತರ ಹರೆಯದಿಂದ ಎಂಬತ್ತು ದಾಟಿದ ಮುಪ್ಪಿನವರೆಗಿನ ವಯಸ್ಸನ್ನು ಅವರು ತೆರೆಯ ಮೇಲೆ ಬಾಳಿ ತೋರಿಸಬೇಕಿತ್ತು. ಬಿಳಿ ಮೀಸೆಯನ್ನೂ ಸುಕ್ಕನ್ನೂ ಬಣ್ಣಗಾರರು ಕೊಡಬಲ್ಲರು. ನಡಿಗೆ ಕುಗ್ಗಿದ್ದು, ನೋಟ ಮೃದುವಾದದ್ದು, ಧ್ವನಿ ಮೆಲ್ಲಮೆಲ್ಲನೆ ನಡುಗತೊಡಗಿದ್ದು, ಇವೆಲ್ಲ ನಟನ ಸಾಧನೆ. ಹೊರಾಂಗಣ ದೃಶ್ಯಗಳನ್ನು ರೆಪ್ಟನ್ ಶಾಲೆಯಲ್ಲಿ ಚಿತ್ರೀಕರಿಸಿದರು. ಅಲ್ಲಿನ ವಿದ್ಯಾರ್ಥಿಗಳು ರಜೆಯಲ್ಲೂ ಉಳಿದು ಚಿತ್ರದಲ್ಲಿ ಕಾಣಿಸಿಕೊಂಡರು. ಆ ವರ್ಷ ‘ಗಾನ್ ವಿತ್ ದ ವಿಂಡ್’ ಚಿತ್ರ ಆಸ್ಕರ್ ಪ್ರಶಸ್ತಿಗಳನ್ನು ಸೂರೆಗೊಂಡಿತು. ಆದರೂ 1940ರ ಫೆಬ್ರವರಿ 29ರ ಸಮಾರಂಭದಲ್ಲಿ ಶ್ರೇಷ್ಠ ನಟನ ಗೌರವ ಆ ಚಿತ್ರದ ಕ್ಲಾರ್ಕ್ ಗೇಬಲರಿಗಾಗಲಿ, ಲಾರೆನ್ಸ್ ಒಲಿವಿಯರರಿಗಾಗಲಿ ದೊರೆಯದೆ ಶಾಲಾ ಮಾಸ್ತರನ ಪಾತ್ರಧಾರಿಗೆ ಸಂದಿತು.

ಯುದ್ಧಕಾಲದಲ್ಲಿ ಪ್ರಧಾನಿ ಕಿರಿಯ ಪಿಟ್ಟನಾಗಿ (1942), 1948ರ ‘ದಿ ವಿನ್ಸ್ಲೋ ಬಾಯ್’ನಲ್ಲಿ ಐದು ಷಿಲಿಂಗಿನ ಪೋಸ್ಟಲ್ ಆರ್ಡರ್ ಕದ್ದ ಆರೋಪ ಹೊತ್ತ ಬಾಲಕನ ವಕೀಲನಾಗಿ, 1951ರ ‘ದಿ ಮ್ಯಾಜಿಕ್ ಬಾಕ್ಸ್’ನಲ್ಲಿ ಚಲನಚಿತ್ರ ಯಂತ್ರಕ್ಕಾಗಿ ಬಾಳನ್ನೇ ತೆತ್ತ ಫ್ರೀಸ್-ಗ್ರೀನನಾಗಿ ಅವರು ಕಾಣಿಸಿಕೊಂಡರು. ಒಟ್ಟು ಚಿತ್ರಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. ಅದಕ್ಕೆ ಉಬ್ಬಸವೊಂದೇ ಅಲ್ಲ, ಪಾತ್ರವನ್ನು ಒಪ್ಪುವಲ್ಲಿ ಅವರಿಗಿದ್ದ ಅತಿಯಾದ ಹಿಂಜರಿಕೆಯೂ ಕಾರಣವೆನ್ನಬೇಕು. ಮೊದಲ ದಾಂಪತ್ಯ 1946ರಲ್ಲಿ ಮುರಿಯಿತು. 1953ರಲ್ಲಿ ನಟಿ ರೆನೀ ಆಶರ್ಸನ್ನರನ್ನು ವರಿಸಿದರು. ಅದೇ ವರ್ಷ ಓಲ್ಡ್ ವಿಕ್ ರಂಗಮಂದಿರದಲ್ಲಿ ಎಲಿಯಟ್ಟರ ನಾಟಕದ ಆರ್ಚ್‌ಬಿಷಪ್ ಬೆಕೆಟ್ಟನಾಗಿ ಪ್ರೇಕ್ಷಕರನ್ನು ಮುಗ್ಧಗೊಳಿಸಿದರು. ಆದರೆ ‘ಹಾಬ್ಸನ್ಸ್ ಚಾಯ್ಸ್’ ಚಿತ್ರದ ಪಾತ್ರವನ್ನು ಅನಾರೋಗ್ಯದಿಂದಾಗಿ ಜಾನ್ ಮಿಲ್ಸರಿಗೆ ಬಿಟ್ಟುಕೊಡಬೇಕಾಯಿತು. 1954ರ ‘ಲೀಸ್ ಆಫ್ ಲೈಫ್’ನಲ್ಲಿ ಅವರದು ತನ್ನ ಆಯುಸ್ಸು ವರ್ಷಮಾತ್ರವೆಂದು ತಿಳಿದ ಹಳ್ಳಿಯ ಪಾದ್ರಿಯ ಪಾತ್ರ.

ಮುಂದೆ ನಾಲ್ಕು ವರ್ಷ ಚಿತ್ರವಿಲ್ಲ. 1958ರಲ್ಲಿ ‘ದಿ ಇನ್ ಆಫ್ ದ ಸಿಕ್ಸ್ತ್ ಹ್ಯಾಪಿನೆಸ್’ ಚಿತ್ರದ ವೃದ್ಧ ಚೀನೀ ಅಧಿಕಾರಿಯ ಪಾತ್ರವನ್ನು ಒಪ್ಪಿಕೊಂಡಾಗ ದೇಹ ಸಂಪೂರ್ಣ ಸೋತಿತ್ತು. ಚಿತ್ರೀಕರಣದ ಸ್ಥಳದಲ್ಲಿ ಆಮ್ಲಜನಕವನ್ನು ಸಿದ್ಧವಾಗಿಟ್ಟುಕೊಂಡೇ ಅವರು ಕೆಲಸ ಮಾಡಿದರು. ಇಂಗ್ರಿಡ್ ಬರ್ಗ್‌ಮನ್ನರು ನಟಿಸಿದ ಪಾದ್ರಿಣಿಗೆ ಆ ಅಧಿಕಾರಿ ವಿದಾಯ ಹೇಳುವ ದೃಶ್ಯದಲ್ಲಿ, ತಾವಿಬ್ಬರೂ ಮತ್ತೆ ಕಾಣಲಾರೆವೆಂಬ ಮಾತು ಅವರ ಪಾಲಿಗೆ ಬಂದಿತ್ತು. ಜೂನ್ 9ರಂದು ಲಂಡನ್ನಿನ ಆಸ್ಪತ್ರೆಯಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಉಬ್ಬಸವೇ ಕೊಂದಿತೆಂದು ಎಲ್ಲರೂ ಭಾವಿಸಿದ್ದರು. ಮರಣೋತ್ತರ ಪರೀಕ್ಷೆಯಲ್ಲಿ ಮಿದುಳಿನಲ್ಲಿ ಬೆಳೆದಿದ್ದ ಗೆಡ್ಡೆಯೊಂದು ಪತ್ತೆಯಾಯಿತು. ಚಿತ್ರ ತೆರೆಗೆ ಬಂದುದು ಆ ವರ್ಷದ ಕೊನೆಯಲ್ಲಿ.