ಪ್ರಾಗ್ ನಗರದ ಸ್ಕಾಟಿಷ್ ಅಜ್ಜ

ಬಂಕಾಪುರದ ಕಡೆಯ ಹುಡುಗರು ಸಂಜೆ ಕಾಲ್ಚೆಂಡು ಆಡುವಾಗ ಒಬ್ಬನಿಂದೊಬ್ಬನಿಗೆ ಚೆಂಡು ಸಾಗಿಸುತ್ತ ಮುನ್ನುಗ್ಗುವುದು ನಮಗೆ ಸಹಜವಾಗಿಯೇ ತೋರುತ್ತದೆ. ಆದರೆ ಆರಂಭದಲ್ಲಿ ಇಂಗ್ಲೆಂಡಿನವರ ಆಟ ಹೀಗಿರಲಿಲ್ಲ. ಚೆಂಡು ದೊರೆತವನು ತಾನೊಬ್ಬನೇ ಅದನ್ನು ಹೊರಳಿಸುತ್ತ ಓಡುತ್ತಿದ್ದನು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ನಡೆದ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಮೈಕಟ್ಟಿನಲ್ಲಿ ಹಗುರರಾದ ಸ್ಕಾಟರು ಚೆಂಡನ್ನು ಹಂಚಿಕೊಂಡು ಆಡಿ ಇಂಗ್ಲೆಂಡಿಗೆ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ತಾವೂ ಹೊಡೆಯಲಿಲ್ಲವೆನ್ನಿ! ಈ ಹಂಚಿಕೆಯ ಆಟವನ್ನು ದೇಶಾಂತರಕ್ಕೆ ಕೊಂಡೊಯ್ದವರಲ್ಲಿ ಜಾನ್ ಮ್ಯಾಡೆನ್ ಪ್ರಮುಖರು.

1865ರಲ್ಲಿ ಕ್ಲೈಡ್ ನದಿಯ ತೀರದ ಡಂಬಾರ್ಟನ್‌ನಲ್ಲಿ ಜನಿಸಿದ ಅವರು ಹಡಗು ಕಟ್ಟೆಯಲ್ಲಿ ಉಕ್ಕಿನ ಹಲಗೆಗಳಿಗೆ ರಿವೆಟ್ ಬಡಿಯುವ ಕಾರ್ಮಿಕರಾಗಿದ್ದರು. ಅದೇ ಕಾಲದಲ್ಲಿ ಗ್ಲಾಸ್ಗೋ ನಗರದ ಪೂರ್ವಭಾಗದಲ್ಲಿ, ವಲಸೆ ಬಂದ ಐರಿಷ್ ಕಥೋಲಿಕರ ಮಕ್ಕಳು ಹಸಿವಿನಿಂದ ಬಳಲುತ್ತಿದ್ದರು. ಅವರಿಗೆ ಊಟವೊದಗಿಸಲೆಂದು ಮರಿಸ್ಟ್ ಸಭೆಯ ಸಹೋದರ ವಾಲ್‌ಫ್ರಿಡ್ 1887ರ ನವೆಂಬರ್ 6ರಂದು ಸಂತ ಮರಿಯಮ್ಮನವರ ಧರ್ಮಕೇಂದ್ರದ ಸಭಾಂಗಣದಲ್ಲಿ ಸೆಲ್ಟಿಕ್ ಕ್ಲಬ್ಬನ್ನು ಸ್ಥಾಪಿಸಿದರು. 1888ರ ಮೇ 28ರಂದು ಆ ಕ್ಲಬ್ಬು ರೇಂಜರ್ಸ್ ತಂಡವನ್ನು 5-2ರಿಂದ ಸೋಲಿಸಿದ ತನ್ನ ಮೊದಲ ಪಂದ್ಯದಲ್ಲಿ ಮ್ಯಾಡೆನ್ ಆಡಿದರು. ಅದೇ ವರ್ಷ ನಮ್ಮ ಶಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್ ಕಪ್ಪನ್ನು ಗೆದ್ದುದು ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ಎಂಬ ಸ್ಕಾಟಿಷ್ ಸೇನಾದಳವೇ.

1892ರಲ್ಲಿ ವಾಲ್‌ಫ್ರಿಡ್ ಲಂಡನ್ನಿಗೆ ವರ್ಗವಾದರು. ಹಣದಾಟ ಬೆಳೆದಂತೆ ಬಡಮಕ್ಕಳ ಪಾಲು ಕರಗಿದ್ದು ವಿಷಾದದ ಸಂಗತಿಯೆಂದೇ ನಾವು ಭಾವಿಸುತ್ತೇವೆ. ಮ್ಯಾಡೆನ್ ಮಾತ್ರ ಮರುವರ್ಷ ವೇಲ್ಸ್ ವಿರುದ್ಧ ಸ್ಕಾಟ್ಲೆಂಡಿನ ಪರವಾಗಿ ನಾಲ್ಕು ಗೋಲು ಬಾರಿಸಿ ಕೀರ್ತಿ ಗಳಿಸಿದರು.

1905ರಲ್ಲಿ, ಆಟದ ಪ್ರಾಯ ಮೀರಿದ ಮೇಲೆ, ಅವರು ಪ್ರಾಗ್ ನಗರದ ಸ್ಲಾವಿಯಾ ತಂಡದ ತರಬೇತುದಾರರಾದರು. ಸ್ಲಾವಿಯಾ ಬಯಸಿದ್ದು ರೇಂಜರ್ಸ್ ತಂಡದ ರಾಬರ್ಟ್‌ಸನ್ ಎಂಬವರನ್ನೆಂದೂ, ಮ್ಯಾಡೆನ್ ಅವರ ಹೆಸರಿನಲ್ಲೇ ಹೋಗಿಬಿಟ್ಟರೆಂದೂ ಒಂದು ಕತೆಯಿದೆ. ಕತೆಯ ಸತ್ಯಾಸತ್ಯತೆ ಹೇಗೇ ಇರಲಿ, ಬಂದವರು ಹಿಂತಿರುಗಲಿಲ್ಲ. ವಿದ್ಯಾರ್ಥಿಗಳು ಕಟ್ಟಿದ ಆ ಕ್ಲಬ್ಬಿನಲ್ಲಿ ಓದುಬರಹದ ಯುವಕರಿಗೆ ಹಡಗು ಕಟ್ಟೆಯ ಕೂಲಿಕಾರನೊಬ್ಬ ಗುರುವಾದದ್ದು ಸಾಮಾನ್ಯ ಸಂಗತಿಯಲ್ಲ. ಚೆಕ್ ಭಾಷೆ ಅವರಿಗೆ ಕೊನೆಯವರೆಗೂ ಸರಿಯಾಗಿ ಒಲಿಯಲಿಲ್ಲ. ಆದರೂ ನಿತ್ಯ ವ್ಯಾಯಾಮ, ಅಂಗಮರ್ದನ, ಮಿತಾಹಾರ, ಮದ್ಯ ಧೂಮಪಾನಗಳ ನಿಷೇಧ ಇವೆಲ್ಲವನ್ನೂ ಕಟ್ಟುನಿಟ್ಟಾಗಿ ಪಾಲಿಸಿಸಿದರು. ನೆಲದ ಮೇಲೆ ಚೆಂಡು ಹಂಚಿಕೊಂಡು ಆಡುವ ತಮ್ಮ ನಾಡಿನ ರೀತಿಯನ್ನು ಕಾಲು ಶತಮಾನ ಕಲಿಸಿದರು. ಶಿಷ್ಯರು ಅವರನ್ನು ಪ್ರೀತಿಯಿಂದ ದ್ಯೇದೆಕ್, ಅಂದರೆ ಅಜ್ಜ, ಎಂದು ಕರೆದರು.

1925ರಲ್ಲಿ ಚೆಕೊಸ್ಲೊವಾಕಿಯಾದ ಮೊದಲ ಲೀಗ್ ಪ್ರಶಸ್ತಿ ಸ್ಲಾವಿಯಾ ತಂಡಕ್ಕೆ ಸಂದಿತು. 1930ರಲ್ಲಿ ಮ್ಯಾಡೆನ್ ನಿವೃತ್ತರಾದರು. ನಾಲ್ಕು ವರ್ಷಗಳ ತರುವಾಯ ರೋಮಿನಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಇಟಲಿಯನ್ನು ಹೆಚ್ಚುವರಿ ಸಮಯದವರೆಗೂ ಎದುರಿಸಿ ಸೋತ ಚೆಕೊಸ್ಲೊವಾಕಿಯಾದ ನಾಯಕ, ಗೋಲ್‌ಕೀಪರ್ ಪ್ಲಾನಿಚ್ಕಾ, ಇವರ ಗರಡಿಯಲ್ಲೇ ಪಳಗಿದವರು.

ಚೆಕ್ ಮಹಿಳೆಯನ್ನು ವಿವಾಹವಾಗಿದ್ದ ಮ್ಯಾಡೆನ್ ನಿವೃತ್ತಿಯ ನಂತರವೂ ಪ್ರಾಗ್ ಬಿಡಲಿಲ್ಲ. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಎರಡು ತಿಂಗಳೊಳಗೆ, ಏಪ್ರಿಲ್ 17ರಂದು, ಅಲ್ಲಿಯೇ ನಿಧನರಾದರು. ಸ್ಲಾವಿಯಾದ ಕೆಂಪು ಬಿಳಿ ಅಂಗಿ ತೊಟ್ಟ ಆಟಗಾರರು ಶವಪೆಟ್ಟಿಗೆಗೆ ಹೆಗಲು ಕೊಟ್ಟು, ಓಲ್ಶಾನಿ ಸ್ಮಶಾನದವರೆಗೆ ಅಜ್ಜನನ್ನು ಹೊತ್ತು ನಡೆದರು.